ಪದಚರ್ಚೆ: ಸ್ಪ್ಯಾನಿಷ್‌ನ ‘ಕಾಸ್ಕೋಸ್’ ಹೆಲ್ಮೆಟ್ಟಾ, ಹೆಡ್‌ಫೋನಾ?

ನಮಸ್ಕಾರ. ನಾಳೆ ಬೆಳಿಗ್ಗೆ ಅನುವಾದ ಒಪ್ಪಿಸಬೇಕು, ದಯವಿಟ್ಟು ಬೇಗ ತಿಳಿಸಿ. ಸ್ಪೇನಿನ ಕತೆ. ಹುಡುಗಿ ಮೆಟ್ರೋ ಹತ್ತಿ ‘ಕಾಸ್ಕೋಸ್’ ಹಾಕಿಕೊಳ್ಳುತ್ತಾಳೆ. ನನ್ನ ನಿಘಂಟಿನಲ್ಲಿ ‘ಕಾಸ್ಕೋ’ ಅಂದ್ರೆ ಹೆಲ್ಮೆಟ್. ಮೆಟ್ರೋದಲ್ಲಿ ಹೆಲ್ಮೆಟ್ ಯಾಕೆ? ಅವಳ ಅಜ್ಜನ ಕಿವಿಯಲ್ಲಿ ‘ಔದಿಫೊನೋ’ ಇದೆ. ಅದನ್ನು ‘ಇಯರ್‌ಫೋನ್’ ಅಂತ ಬರೆದಿದ್ದೇನೆ. ಸರಿ ತಾನೇ?

ಉತ್ತರ:
ಎರಡೂ ತಪ್ಪು. ಸ್ಪೇನಿನ ಆಡುಮಾತಿನಲ್ಲಿ ‘ಕಾಸ್ಕೋಸ್’ ಅಂದ್ರೆ ಹೆಡ್‌ಫೋನೂ ಹೌದು. ಬರಹದಲ್ಲಿ ಜಾಸ್ತಿ ಕಾಣುವುದು ‘ಔರಿಕುಲಾರೆಸ್’. ಅಜ್ಜನದು ಇಯರ್‌ಫೋನ್ ಅಲ್ಲ, ಕಿವಿ ಮಂದವಾದವರು ಹಾಕಿಕೊಳ್ಳುವ ಮಷೀನು. ಅದೇ ಕತೆ ಮೆಕ್ಸಿಕೋದ್ದೋ ಚಿಲಿಯದ್ದೋ ಆಗಿದ್ದರೆ ‘ಔದಿಫೊನೋಸ್’ ಹಾಡು ಕೇಳುವ ಹೆಡ್‌ಫೋನೇ ಆಗುತ್ತಿತ್ತು. ನೀವು ದೇಶದ ಹೆಸರು ಹೇಳಿದ್ದು ಒಳ್ಳೆಯದಾಯ್ತು.

ಸ್ಪೀಕರಿನ ಕತೆಯೂ ಇದೇ. ಸ್ಪೇನಿನಲ್ಲಿ ‘ಅಲ್ತಾವೋಸ್’, ಅರ್ಜೆಂಟೀನಾದಲ್ಲಿ ‘ಪರ್ಲಾಂತೆ’, ವೆನೆಜುವೆಲಾದಲ್ಲಿ ‘ಕೊರ್ನೆತಾ’, ಮೆಕ್ಸಿಕೋದಲ್ಲಿ ‘ಬೊಸೀನಾ’. ನನಗೆ ಇಷ್ಟವಾದದ್ದು ಕೊನೆಯದು. ಲ್ಯಾಟಿನ್ನಿನ ‘ಬೂಕಿನಾ’, ಅಂದ್ರೆ ಬಾಗಿದ ಕಹಳೆ, ಅದರ ಮೂಲ. ಸ್ಪೇನಿನಲ್ಲಿ ಈಗಲೂ ಅದು ಕಾರಿನ ಹಾರ್ನ್. ನಮ್ಮೂರಿನ ಮೈಕ್ ಸೆಟ್‌ನವರೂ ಅಗಲ ಬಾಯಿಯ ಸ್ಪೀಕರಿಗೆ ‘ಹಾರ್ನ್’ ಅಂತಲೇ ಅನ್ನುವುದು. ಎರಡು ಕಡೆಯ ಜನ ಒಂದೇ ರೀತಿ ಯೋಚಿಸಿದ್ದಾರೆ ನೋಡಿ!

ಉತ್ತರ:
ಕಹಳೆ ಪುರಾಣ ಆಮೇಲೆ. ಕನ್ನಡದಲ್ಲಿ ‘ಹೆಡ್‌ಫೋನ್’ ಬೇಡವೇ ಬೇಡ. ಸ್ಪೇನಿನವರು ತಮ್ಮ ಕಿವಿಯಿಂದಲೇ ‘ಔರಿಕುಲಾರ್’ ಕಟ್ಟಿಕೊಂಡರು. ನಾವು ‘ಕಿವಿದನಿ’ ಅನ್ನೋಣ. ‘ಧ್ವನಿವರ್ಧಕ’ವೂ ಬೇಡ, ಅದು ಸಂಸ್ಕೃತ.

ಉತ್ತರ:
ಒಪ್ಪುವುದಿಲ್ಲ. ಲ್ಯಾಟಿನ್ನಿನ ‘ಔರಿಕುಲಾ’ ಜನರ ಬಾಯಲ್ಲಿ ಸವೆದು ‘ಒರೇಹಾ’ ಆಯಿತು. ಸ್ಪ್ಯಾನಿಷ್‌ನಲ್ಲಿ ಕಿವಿ ಅಂದ್ರೆ ಅದು. ತದ್ಭವ. ‘ಔರಿಕುಲಾರ್’ ಓದಿದವರು ಗ್ರಂಥದ ಲ್ಯಾಟಿನ್ನಿನಿಂದ ಎತ್ತಿಕೊಂಡ ತತ್ಸಮ. ನಾವು ಸಂಸ್ಕೃತದಿಂದ ‘ಧ್ವನಿವರ್ಧಕ’ ಮಾಡಿಕೊಂಡ ಹಾಗೇ ಅಲ್ವಾ? ‘ಅಲ್ತಾವೋಸ್’ ಅಂದ್ರೆ ಗಟ್ಟಿದನಿ. ಪದಗಳು ಅವರವು, ಅಚ್ಚು ಇಂಗ್ಲಿಷಿನ ‘ಲೌಡ್‌ಸ್ಪೀಕರ್’. ಎರವಲು ಇಲ್ಲದ ಭಾಷೆ ಎಲ್ಲಿದೆ? ಪೋರ್ಚುಗೀಸರಿಂದ ಬಂದ ‘ಚಾವಿ’ಯನ್ನೂ ಬಿಸಾಡುತ್ತೀರಾ?

ಉತ್ತರ:
‘ಚಾವಿ’ ಬರುವ ಮುಂಚೆ ‘ಬೀಗದಕೈ’ ಇತ್ತು. ನನ್ನ ಮೊಮ್ಮಕ್ಕಳಿಗೆ ಆ ಮಾತೇ ಗೊತ್ತಿಲ್ಲ. ನನ್ನ ಸಂಕಟ ಅದು. ಸುಮ್ನೆ ಹಟ ಅಂದುಕೊಳ್ಳಬೇಡಿ.

ಉತ್ತರ:
ಸಂಕಟ ನನಗೂ ಇದೆ ಸಾರ್. ಆದರೆ ಇಲ್ಲಿ ಕಳೆದುಕೊಳ್ಳುವುದಕ್ಕೆ ಹಳೆಯ ಪದವೇ ಇರಲಿಲ್ಲ. ಹುಡುಗಿಯ ಕಿವಿಯಲ್ಲಿ ‘ಕಿವಿದನಿ’ ಅಂತ ಬರೆದರೆ ಓದುಗರು ಏನೋ ಕಾಯಿಲೆ ಅಂದುಕೊಳ್ಳುತ್ತಾರೆ.

ಕೇಳಿದವಳು ನಾನು. ಎಲ್ಲರಿಗೂ ಧನ್ಯವಾದ. ಹುಡುಗಿಗೆ ‘ಹೆಡ್‌ಫೋನ್’ ಉಳಿಸಿದೆ. ಅಜ್ಜನಿಗೆ ‘ಕಿವಿ ಮಷೀನು’, ನಮ್ಮ ಮನೆಯಲ್ಲಿ ಹಾಗೇ ಅನ್ನುವುದು. ಈಗಷ್ಟೇ ಕಳಿಸಿದೆ.