ಹೈ ಪಾಸ್ ಫಿಲ್ಟರ್‌ಗೆ "ಮಂದ್ರ ತಡೆ" ಅನ್ನಬಹುದಾ?

ಎಲ್ರಿಗೂ ನಮಸ್ಕಾರ. ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್ ಬಗ್ಗೆ ಕನ್ನಡದಲ್ಲಿ ಒಂದು ಬರಹ ಬರೀತಾ ಇದೀನಿ, 1957ರಲ್ಲಿ ಬಂದ ಪೀಟರ್ ವಾಕರ್ ಅವರ ಕ್ವಾಡ್ ಇಎಸ್ಎಲ್ ಥರದ್ದು, ಅದ್ರಲ್ಲಿ ಹೈ ಪಾಸ್ ಫಿಲ್ಟರ್‌ಗೆ, ಅಂದ್ರೆ ಕೆಳಗಿನ ಆವೃತ್ತಿಗಳನ್ನ ತಗ್ಗಿಸಿ ಮೇಲಿನವನ್ನ ಹಾಗೇ ಬಿಡೋ ಸರ್ಕ್ಯೂಟ್‌ಗೆ, ಏನನ್ನೋದು ಅಂತ ತೀರ್ಮಾನ ಆಗ್ತಿಲ್ಲ.

ಮೊದ್ಲು ವಿಷಯ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಪದ ತೂಗೋಕಾಗಲ್ಲ. ಈ ಸ್ಪೀಕರ್‌ನಲ್ಲಿ ಕೋನ್ ಇಲ್ಲ, ತೂತು ತೂತಿನ ಎರಡು ಪ್ಲೇಟ್ ಮಧ್ಯೆ ತುಂಬಾ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಬಿಗಿದು ಅದಕ್ಕೆ ಸಾವಿರಾರು ವೋಲ್ಟ್ ಕೊಟ್ಟಿರ್ತಾರೆ, ಆ ಹಾಳೆ ಹಿಂದೆ ಮುಂದೆ ಅಲ್ಲಾಡಿ ಶಬ್ದ ಬರುತ್ತೆ. ಅಲ್ಲಾಡೋಕೆ ಇರೋ ಜಾಗ ಒಂದೆರಡು ಮಿಲಿಮೀಟರ್ ಅಷ್ಟೆ. ಎರಡೂ ಕಡೆ ತೆರೆದಿರೋದ್ರಿಂದ ಬಾಸ್‌ನಲ್ಲಿ ಹಿಂದಿನ ಅಲೆ ಮುಂದಿನದನ್ನ ಹೊಡೆದುಹಾಕುತ್ತೆ, ಅದಕ್ಕೆ ಒಂದು ಸ್ಥಾಯಿ (ಆಕ್ಟೇವ್, ಅಂದ್ರೆ ಅರ್ಧ ಆವೃತ್ತಿಗೆ) ಕೆಳಗೆ ಹೋದ್ರೆ ಅಷ್ಟೇ ಜೋರಾಗಿ ಕೇಳಿಸೋಕೆ ಹಾಳೆ ಸುಮಾರು ಎಂಟು ಪಟ್ಟು ಅಲ್ಲಾಡಬೇಕು. ಮಿತಿ ಮೀರಿದ್ರೆ ಪ್ಲೇಟ್‌ಗೆ ತಾಗುತ್ತೆ, ಕಿಡಿ ಹಾರಿ ಹಾಳೆ ತೂತಾಗೋದೂ ಉಂಟು. ಒಳಗಿನ ಟ್ರಾನ್ಸ್‌ಫಾರ್ಮರ್‌ಗೂ ತೀರಾ ಕೆಳಗಿನ ಶಬ್ದ ಜಾಸ್ತಿ ಬಂದ್ರೆ ಆಗಿಬರಲ್ಲ. ಹಾಗಾಗಿ 80 ಹರ್ಟ್ಜ್ ಆಸುಪಾಸಿನಿಂದ ಕೆಳಗಿನದನ್ನ ಪವರ್ ಆಂಪ್ಲಿಫೈಯರ್‌ಗೆ ಹೋಗೋ ಮುಂಚೇನೇ ತಗ್ಗಿಸಿ, ಆ ಕೆಲಸನ ಬಾಸ್‌ಗೇ ಅಂತ ಇರೋ ಸ್ಪೀಕರ್, ಸಬ್‌ವೂಫರ್‌ಗೆ ಬಿಡ್ತಾರೆ. ಆಂಪ್ಲಿಫೈಯರ್ ಇನ್‌ಪುಟ್ 20 ಕಿಲೋ ಓಮ್ ಇದ್ರೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನ ಸೀರೀಸ್‌ನಲ್ಲಿ ಹಾಕಿದ್ರೂ ಸಾಕು, ಲೆಕ್ಕ 80ಕ್ಕೇ ಬರುತ್ತೆ.

ಈಗ ಪದ. ಪಠ್ಯಪುಸ್ತಕದ ಧಾಟೀಲಿ "ಉಚ್ಚ ಆವೃತ್ತಿ ಶೋಧಕ" ಅಂತ ಬರೆದ್ರೆ ಓದೋರು ಮೇಲಿನ ಆವೃತ್ತಿಗಳನ್ನೇ ಸೋಸಿ ತೆಗೆದುಹಾಕುತ್ತೆ ಅಂದ್ಕೋತಾರೆ, ಅರ್ಥ ಪೂರ್ತಿ ಉಲ್ಟಾ. ಸ್ನೇಹಿತರೊಬ್ರು "ಮಂದ್ರ ತಡೆ" ಅಂದ್ರು. ಕೇಳೋಕೆ ಚೆನ್ನಾಗಿದೆ, ಆದ್ರೆ ನಂಗೆ ಒಪ್ಪಿಗೆ ಇಲ್ಲ, ಯಾಕಂದ್ರೆ ಮಂದ್ರ ಅನ್ನೋದು, ಅಂದ್ರೆ ಹಾಡೋರ ಆಧಾರ ಷಡ್ಜಕ್ಕಿಂತ ಕೆಳಗಿನ ಸ್ಥಾಯಿ, ಶ್ರುತಿಗೆ ಕಟ್ಟುಬಿದ್ದಿದ್ದು, ಹರ್ಟ್ಜ್‌ಗೆ ಅಲ್ಲ. ಒಂದು ಮನೆ ಶ್ರುತೀಲಿ ಹಾಡೋ ಗಂಡಸರ ಷಡ್ಜ ಸುಮಾರು 130 ಹರ್ಟ್ಜ್, ಮಂದ್ರ ಪಂಚಮ 98ರ ಹತ್ರ. ಐದು ಮನೇಲಿ ಹಾಡೋ ಹೆಂಗಸರ ಮಂದ್ರ ಪಂಚಮ 147. ಎರಡೂ 80ಕ್ಕಿಂತ ಮೇಲೇನೇ ಇವೆ, ಈ ಫಿಲ್ಟರ್ ಅವನ್ನ ಕೊಂಚ ತಗ್ಗಿಸಬಹುದೇ ಹೊರತು ತಡೆಯಲ್ಲ. ಸಂಗೀತ ಗೊತ್ತಿರೋ ಓದುಗರು "ಅಯ್ಯೋ, ಮಂದ್ರ ಹೋದ್ರೆ ಹಾಡಲ್ಲಿ ಇನ್ನೇನು ಉಳೀತು" ಅಂತ ಆ ಸ್ಪೀಕರನ್ನೇ ಬೇಡ ಅಂದುಬಿಡ್ತಾರೆ, ಅದು ಸ್ಪೀಕರ್‌ಗೂ ಅನ್ಯಾಯ ಓದೋರಿಗೂ ಅನ್ಯಾಯ.

ಇನ್ನೊಂದು ತೊಡಕು, ಎಲೆಕ್ಟ್ರೋಸ್ಟಾಟಿಕ್‌ಗೆ ಕೆಲವರು "ಸ್ಥಾಯಿ ವಿದ್ಯುತ್" ಅಂತಾರೆ, ನಾನು ಆಕ್ಟೇವ್‌ಗೂ ಸ್ಥಾಯಿ ಅಂತಾನೇ ಬಳಸ್ತಿದೀನಿ, ಎರಡೂ ಒಂದೇ ವಾಕ್ಯದಲ್ಲಿ ಬಂದ್ರೆ ಗೋಜಲು. ಅದಕ್ಕೆ ಅಲ್ಲಿ "ಸ್ಥಿರ ವಿದ್ಯುತ್" ಇಟ್ಕೊಂಡು ಸ್ಥಾಯಿನ ಸಂಗೀತಕ್ಕೇ ಬಿಟ್ಟಿದೀನಿ. ಇದ್ರ ಬಗ್ಗೆ ಯಾರಿಗಾದ್ರೂ ತಕರಾರಿದ್ರೆ ಹೇಳಿ.

ಸದ್ಯಕ್ಕೆ ನನ್ನ ಒಲವು "ಬಾಸ್ ತಡೆ" ಕಡೆಗೆ. ಬಾಸ್ ಅನ್ನೋದು ಊರೂರಿಗೂ ಗೊತ್ತು, ಆಡಿಯೋ ಮಿಕ್ಸರ್‌ಗಳ ಮೇಲೂ "ಲೋ ಕಟ್" ಅಂತ ಏನನ್ನ ತೆಗೀತಾರೋ ಅದ್ರ ಹೆಸರೇ ಇರುತ್ತೆ. ಆದ್ರೆ "ತಡೆ", "ಕಟ್" ಎರಡೂ ಸ್ವಲ್ಪ ಗಟ್ಟಿಯಾದ್ವು ಅನ್ಸುತ್ತೆ. ಒಂದೇ ಕೆಪಾಸಿಟರ್ ಇದ್ದಾಗ 80ರಲ್ಲಿ 3 ಡೆಸಿಬಲ್ ಕಮ್ಮಿ, 40ರಲ್ಲಿ 7 ಡೆಸಿಬಲ್ ಕಮ್ಮಿ, ಹೀಗೆ ಮೆಲ್ಲಗೆ ಇಳಿಯುತ್ತೆ, ಎಲ್ಲೂ ಕತ್ತರಿಸಿದ ಹಾಗೆ ನಿಲ್ಲಲ್ಲ. ಈ ಮೆಲ್ಲಗಿನ ಇಳಿತಕ್ಕೆ "ಇಳಿಜಾರು" ಅನ್ನಬಹುದಾ, ಅಥವಾ ಕನ್ನಡದಲ್ಲಿ ವಿಜ್ಞಾನ ಪಾಠ ಮಾಡೋರು, ಮೈಕ್ ಸೆಟ್ ಕೆಲಸದೋರು ಬಾಯಲ್ಲಿ ಬೇರೇನಾದ್ರೂ ಮಾತು ಬಳಸ್ತಾರಾ? ಗೊತ್ತಿದ್ದವರು ದಯವಿಟ್ಟು ಒಂದು ಪೂರ್ತಿ ವಾಕ್ಯದಲ್ಲಿ ಬಳಸಿ ತೋರಿಸಿ, ಬರೀ ಪದ ಕೊಟ್ರೆ ಅದು ವಾಕ್ಯದಲ್ಲಿ ಕೂರುತ್ತೋ ಇಲ್ವೋ ಗೊತ್ತಾಗಲ್ಲ.