ಮೇಜಿನ ಸುತ್ತ ನಾಲ್ವರು: ದೃಶ್ಯವನ್ನ ಶಾಟ್‌ಗಳಾಗಿ ಒಡೆಯೋದು ಹೇಗೆ?

ರಂಗದಿಂದ_ಸೆಟ್‌ಗೆ
ನಾಟಕದ ಬ್ಲಾಕಿಂಗ್ (ನಟರು ಎಲ್ಲಿ ನಿಲ್ಲಬೇಕು, ಹೇಗೆ ಓಡಾಡಬೇಕು ಅನ್ನೋದು) ಗೊತ್ತು, ಕ್ಯಾಮೆರಾ ಹೊಸದು. ಕಿರುಚಿತ್ರದಲ್ಲಿ 4 ಪುಟದ ಜಗಳದ ದೃಶ್ಯ, ಎದುರುಬದುರು ಇಬ್ಬಿಬ್ಬರು ಕೂತಿರ್ತಾರೆ. ಒಂದೇ ಕ್ಯಾಮೆರಾ, ಒಂದೇ ದಿನ. ನಾಲ್ವರ ಕ್ಲೋಸಪ್ಪೂ ಪೂರ್ತಿ ತೆಗೀಬೇಕಾ? 180 ಡಿಗ್ರಿ ಲೈನ್ (ಕ್ಯಾಮೆರಾ ದಾಟಬಾರದ ಕಾಲ್ಪನಿಕ ಗೆರೆ) ಯಾರ ಮಧ್ಯೆ?

ಮೂರನೇ_ಟೇಕ್
ಮೊದಲು ಜಗಳ ಯಾರದ್ದು ಅಂತ ತೀರ್ಮಾನ ಮಾಡಿ. ಲೈನ್ ಆ ಇಬ್ಬರ ಮಧ್ಯೆ. ಕ್ಯಾಮೆರಾ ಅದರ ಒಂದೇ ಪಕ್ಕದಲ್ಲಿ ಇರಲಿ. ಒಬ್ಬರದು ರೈಟ್ ಲುಕ್ (ಫ್ರೇಮ್‌ನ ಬಲಕ್ಕೆ ನೋಟ) ಆದರೆ ಇನ್ನೊಬ್ಬರದು ಲೆಫ್ಟ್. ಇಬ್ಬರದೂ ರೈಟ್ ಆಯ್ತೋ, ಇಬ್ಬರೂ ಸೇರಿ ಬೇರೆ ಯಾರನ್ನೋ ಬೈತಿರೋ ಹಾಗೆ ಕಾಣುತ್ತೆ. ಮಾತು ಪಕ್ಕದವರ ಕಡೆ ಹೊರಳಿದಾಗ ಲೈನೂ ಹೊರಳುತ್ತೆ. ತಲೆ ತಿರುಗಿಸೋದನ್ನ ಶಾಟ್ ಒಳಗೇ ತೋರಿಸಿ, ಆಮೇಲೆ ಕಟ್ ಮಾಡಿ. ಫ್ಲೋರ್ ಪ್ಲಾನ್‌ನಲ್ಲಿ ಪ್ರತಿ ಕ್ಯಾಮೆರಾ ಜಾಗಕ್ಕೂ ಲುಕ್‌ನ ಬಾಣ ಹಾಕ್ಕೊಳ್ಳಿ.

ಪೂರ್ತಿ ತೆಗೆಯೋ ವಿಚಾರ: ಒಂದು ಪುಟಕ್ಕೆ ಸುಮಾರು ಒಂದು ನಿಮಿಷ. ಮಾಸ್ಟರ್ (ಎಲ್ಲರೂ ಕಾಣೋ ಹಾಗೆ ಇಡೀ ದೃಶ್ಯ ಹಿಡಿಯೋ ಶಾಟ್) ಜೊತೆ ನಾಲ್ಕು ಕ್ಲೋಸಪ್, ತಲಾ ಮೂರು ಟೇಕ್ ಅಂದ್ರೆ ಕ್ಯಾಮೆರಾ ಓಡೋದೇ 60 ನಿಮಿಷ. ದಿನ ತಿನ್ನೋದು ಅದಲ್ಲ, ಲೈಟ್ ತಿರುಗಿಸೋದು. ಅದಕ್ಕೆ ಮಾಸ್ಟರ್ ಆದಮೇಲೆ ಒಂದು ಕಡೆ ಕೂತ ಇಬ್ಬರ ಸಜೆಷನ್ (ಎದುರಿನವರ ಭುಜದ ಮೇಲಿಂದ ತೆಗೆಯೋ ಶಾಟ್), ಕ್ಲೋಸಪ್ ಎಲ್ಲ ಮುಗಿಸಿ, ಆಮೇಲೆ ಒಂದೇ ಸಲ ಆ ಕಡೆ ತಿರುಗಿ. ಜಗಳದವರದ್ದು ಪೂರ್ತಿ ತೆಗೀರಿ. ಉಳಿದವರದ್ದು ಬೇಕಾದ ತುಂಡು ಸಾಕು, ಹಿಂದಿನ ಡೈಲಾಗ್‌ನಿಂದ ಶುರು ಮಾಡಿ. ಸುಮ್ಮನೆ ಕೇಳಿಸಿಕೊಳ್ಳೋ ರಿಯಾಕ್ಷನ್ ಮರೀಬೇಡಿ. ಎಡಿಟ್‌ನಲ್ಲಿ ಕಾಪಾಡೋದು ಅದೇ.

ಎಡಿಟ್_ಟೇಬಲ್
ಜಗಳ ಅಂತ ಒಬ್ಬರ ಮೇಲೊಬ್ಬರು ಮಾತಾಡ್ತಾರೆ. ಇಬ್ಬರೂ ಫ್ರೇಮಲ್ಲಿದ್ರೆ ಸರಿ. ಒಬ್ಬರ ಕ್ಲೋಸಪ್‌ನಲ್ಲಿ ಫ್ರೇಮ್ ಹೊರಗಿರೋರ ದನಿ ಹಾಯ್ದರೆ ಅಲ್ಲಿ ಕಟ್ ಮಾಡೋಕೇ ಆಗಲ್ಲ. ಒಂದು ಉಸಿರಿನ ಅಂತರ ಬಿಡಿಸಿ, ಮಾತಿನ ಮೇಲೆ ಮಾತು ಬರೋ ಹಾಗೆ ಎಡಿಟ್‌ನಲ್ಲಿ ಮಾಡ್ಕೋಬಹುದು. ಲೋಟ ಯಾವ ಪದಕ್ಕೆ, ಯಾವ ಕೈಲಿ ಎತ್ತಿದ್ರು ಅಂತ ಮಾಸ್ಟರ್ ಓಕೆ ಆದ ಕೂಡಲೇ ಬರೆದಿಡಿ, ಕ್ಲೋಸಪ್‌ನಲ್ಲೂ ಹಾಗೇ ಆಗ್ಬೇಕು. ಎದುರುಬದುರು ಕ್ಲೋಸಪ್‌ಗೆ ಅದೇ ಲೆನ್ಸ್, ಅದೇ ದೂರ, ಅದೇ ಎತ್ತರ. ಎಲ್ಲರನ್ನೂ ಸುಮ್ಮನಿರಿಸಿ 30 ಸೆಕೆಂಡ್ ರೂಮ್ ಟೋನ್ (ಯಾರೂ ಮಾತಾಡದಾಗಿನ ಕೋಣೆಯ ಸದ್ದು) ತಗೊಳ್ಳಿ.

ರಂಗದಿಂದ_ಸೆಟ್‌ಗೆ
ಥ್ಯಾಂಕ್ಸ್. ನಟರೆಲ್ಲ ರಂಗಭೂಮಿಯವರು, ದನಿ ದೊಡ್ಡದು. ತಗ್ಗಿಸಿ ಅಂದ್ರೆ ಆವೇಶವೇ ಇಳಿದುಹೋಗುತ್ತೆ.

ಮೂರನೇ_ಟೇಕ್
ತಗ್ಗಿಸಿ ಅನ್ನಬೇಡಿ, ಕಾರಣ ಕೊಡಿ: ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ. ಜೊತೆಗೆ ಎದುರಿನ ನಟರನ್ನ ಲೆನ್ಸ್ ಪಕ್ಕಕ್ಕೇ ಕೂರಿಸಿ. ದೂರ ಕಮ್ಮಿಯಾದ್ರೆ ದನಿ ತಾನೇ ಇಳಿಯುತ್ತೆ, ಕಣ್ಣೂ ಕ್ಯಾಮೆರಾಗೆ ಚೆನ್ನಾಗಿ ಸಿಗುತ್ತೆ.