ಬ್ಲೆಂಡರ್, ಅನ್‌ರಿಯಲ್ ಎರಡಕ್ಕೂ ಒಂದೇ ಕಂಪ್ಯೂಟರ್: ಈ ಕೊಟೇಷನ್ ಒಪ್ಪಬಹುದೇ?

ಅಟ್ಟದ ಮೇಲಿನವನು, ತಿಪಟೂರು

ಎಲ್ಲರಿಗೂ ನಮಸ್ಕಾರ. ತುಮಕೂರಿನ ಸಿವಿಲ್ ಎಂಜಿನಿಯರುಗಳಿಗೆ ಮನೆಗಳ ಎಲಿವೇಷನ್ (ಮುಂಭಾಗದ ಚಿತ್ರ), ವಾಕ್‌ಥ್ರೂ (ಮನೆಯಲ್ಲಿ ಓಡಾಡಿದಂತೆ ತೋರಿಸುವ ವಿಡಿಯೊ) ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಅದೆಲ್ಲ 3ಡಿ ಮಾದರಿ ಕಟ್ಟುವ ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ. ಮಾದರಿಯನ್ನು ಬೆಳಕು-ನೆರಳಿನ ಚಿತ್ರವಾಗಿಸುವ ಕೆಲಸ, ಅಂದರೆ ರೆಂಡರ್, ಅದರೊಳಗಿನ ಸೈಕಲ್ಸ್‌ನದು. ಮಿಕ್ಕ ಹೊತ್ತಿನಲ್ಲಿ ನನ್ನದೇ ಒಂದು ಗೇಮ್ ಕಟ್ಟುತ್ತಿದ್ದೇನೆ: ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಯನ್ನು ಬುಡದಿಂದ ತುದಿಯವರೆಗೆ ಹತ್ತುವ ಆಟ, ಗೇಮ್ ಕಟ್ಟುವ ಸಾಫ್ಟ್‌ವೇರ್ ಅನ್‌ರಿಯಲ್ ಎಂಜಿನ್ 5ರಲ್ಲಿ.

ಈಗಿರುವುದು 4 ಜಿಬಿ ಗ್ರಾಫಿಕ್ಸ್‌ನ ಲ್ಯಾಪ್‌ಟಾಪ್. ಒಂದು ಡ್ಯೂಪ್ಲೆಕ್ಸ್ ಮನೆಯ ಮುಂದೆ ಹುಲ್ಲುಹಾಸು ಹಾಸಿ, ಎರಡು ತೆಂಗಿನ ಮರ ನೆಟ್ಟ ಕೂಡಲೇ ಗ್ರಾಫಿಕ್ಸ್ ಮೆಮೊರಿ ಸಾಲದು ಎಂದು ರೆಂಡರ್ ನಿಂತೇ ಹೋಗುತ್ತದೆ. ಮರ ಕಿತ್ತು ಕಳಿಸಿದರೆ ಮನೆಯ ಯಜಮಾನರು ‘ನಮ್ಮ ತೆಂಗು ಎಲ್ಲಿ?’ ಎನ್ನುತ್ತಾರೆ. ತಿಪಟೂರಿನವರಿಗೆ ತೆಂಗಿಲ್ಲದ ಮನೆ ತೋರಿಸುವುದು ಸುಲಭವಲ್ಲ.

ಕೈಯಲ್ಲಿರುವುದು 1,40,000 ರೂಪಾಯಿ. ಮಾನಿಟರ್ ಇದೆ. ಒಂದು ಅಂಗಡಿಯವರು ಕೊಟ್ಟ ಕೊಟೇಷನ್: ಇಂಟೆಲ್ ಕೋರ್ ಐ7 14700ಕೆ, 360 ಎಂಎಂ ಲಿಕ್ವಿಡ್ ಕೂಲರ್, 16 ಜಿಬಿಯ ಒಂದೇ ರ‍್ಯಾಮ್ ಕಡ್ಡಿ, ಎನ್ವಿಡಿಯಾದ ಆರ್‌ಟಿಎಕ್ಸ್ 4060 8 ಜಿಬಿ ಗ್ರಾಫಿಕ್ಸ್ ಕಾರ್ಡು, 1 ಟಿಬಿ ಎಸ್‌ಎಸ್‌ಡಿ, ಮೂರು ಕಡೆ ಗಾಜಿರುವ ಕ್ಯಾಬಿನೆಟ್, ಏಳು ಬಣ್ಣದ ಫ್ಯಾನ್. ಕಂಪ್ಯೂಟರಿನ ಭಾಗಗಳಿಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಎದುರು ‘750 ವ್ಯಾಟ್’ ಎಂದಷ್ಟೇ ಇದೆ, ಕಂಪನಿಯ ಹೆಸರಿಲ್ಲ.

ಇನ್ನೆರಡು ಮಾತು. ನನ್ನ ಕೋಣೆ ಇರುವುದು ಕೊಬ್ಬರಿ ಅಟ್ಟದ ಪಕ್ಕದಲ್ಲಿ. ಕಾಯಿ ಸುಲಿಯುವ ದಿನಗಳಲ್ಲಿ ನಾರಿನ ಧೂಳು ಕೀಬೋರ್ಡಿನ ಮೇಲೂ ಕೂರುತ್ತದೆ. ಸಂಜೆ ವೋಲ್ಟೇಜ್ 180ಕ್ಕೆ ಇಳಿಯುವುದುಂಟು, ಕರೆಂಟು ಹೋಗುವುದಂತೂ ಇದ್ದೇ ಇದೆ. ಮನೆಯಲ್ಲಿ ಹಳೆಯ ಇನ್ವರ್ಟರ್ ಇದೆ. ಗೊತ್ತಿರುವವರು ದಾರಿ ತೋರಿಸಿ.

ಶಿರಾ ರಸ್ತೆ

ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3090 ಹುಡುಕಿ. 24 ಜಿಬಿ ಮೆಮೊರಿ. ತೆಂಗಿನ ಮರ ಏನು, ತೋಟವನ್ನೇ ನೆಡಬಹುದು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ವಿಚಾರಿಸಿದರೆ ಸಿಗುತ್ತದೆ.

ಬೆಸುಗೆ, ತುಮಕೂರು

ತಮ್ಮಾ, ಈ ಕೊಟೇಷನ್ ಬರೆದವರು ನಿನ್ನ ಬಳಿ ಎಷ್ಟಿದೆ ಎಂದು ಕೇಳಿದ್ದಾರೆ, ನೀನು ಮಾಡುವ ಕೆಲಸ ಏನೆಂದು ಕೇಳಿಲ್ಲ. ಹಣವೆಲ್ಲ ಪ್ರೊಸೆಸರ್‌ಗೂ ಗಾಜಿಗೂ ಹೋಗಿದೆ. ನಿನ್ನ ರೆಂಡರ್ ನಿಂತದ್ದು ಪ್ರೊಸೆಸರ್ ನಿಧಾನವಾಗಿದ್ದಕ್ಕಲ್ಲ, ಕಾರ್ಡಿನಲ್ಲಿ ಜಾಗವಿಲ್ಲದ್ದಕ್ಕೆ. 8 ಜಿಬಿ ಕಾರ್ಡು ತಂದರೆ ಈ ವರ್ಷ ಎರಡು ಮರದ ಬದಲು ಐದು ಮರಕ್ಕೆ ನಿಲ್ಲುತ್ತದೆ, ಅಷ್ಟೇ ವ್ಯತ್ಯಾಸ.

ಲೆಕ್ಕ ಹಾಕಿ ನೋಡು. ಟೆಕ್ಸ್ಚರ್ ಎಂದರೆ ಮಾದರಿಯ ಮೈಮೇಲೆ ಹೊದಿಸುವ ಚಿತ್ರ. 8ಕೆ ಟೆಕ್ಸ್ಚರ್ ಎಂದರೆ 8192 ಚುಕ್ಕಿ ಅಡ್ಡ, 8192 ಚುಕ್ಕಿ ಉದ್ದ. ಒಂದೊಂದು ಚುಕ್ಕಿಗೂ 4 ಬೈಟ್. ಒಟ್ಟು 256 ಎಂಬಿ. ಡಿಸ್ಕಿನಲ್ಲಿ ಅದು ಪುಟ್ಟ ಜೆಪೆಗ್ ಆಗಿ ಮಲಗಿರುತ್ತದೆ, ಆದರೆ ಸೈಕಲ್ಸ್ ಅದನ್ನು ಬಿಚ್ಚಿ ಪೂರ್ತಿಯಾಗಿ ಕಾರ್ಡಿನೊಳಗೆ ಹರಡುತ್ತದೆ. ತೊಗಟೆಗೆ ಬಣ್ಣದ ಚಿತ್ರ ಒಂದು, ಉಬ್ಬುತಗ್ಗು ತೋರಿಸುವ ನಾರ್ಮಲ್ ಮ್ಯಾಪ್ ಒಂದು ಎಂದರೆ ಅಲ್ಲಿಗೇ ಅರ್ಧ ಜಿಬಿ ಮುಗಿಯಿತು. ಗರಿ, ನೆಲ, ಗೋಡೆ ಇನ್ನೂ ಬಂದೇ ಇಲ್ಲ. ಅನ್‌ರಿಯಲ್ ಹಾಗಲ್ಲ, ಟೆಕ್ಸ್ಚರನ್ನು ಅದುಮಿದ ರೂಪದಲ್ಲೇ ಕಾರ್ಡಿನಲ್ಲಿ ಇಡುತ್ತದೆ. ಬಿಸಿ7 ಎಂಬ ರೂಪದಲ್ಲಿ ಚುಕ್ಕಿಗೆ 1 ಬೈಟ್, ಅಂದರೆ ಅದೇ ಚಿತ್ರಕ್ಕೆ 64 ಎಂಬಿ. ‘ನನ್ನ ಗೇಮ್ ಓಡುತ್ತದೆ, ರೆಂಡರ್ ಮಾತ್ರ ಏಕೆ ಬೀಳುತ್ತದೆ’ ಎಂದು ಅಂಗಡಿಗೆ ಬರುವ ಹುಡುಗರೆಲ್ಲರಿಗೂ ನಾನು ಹೇಳುವುದು ಇದನ್ನೇ. ಮನೆಯಿಂದ ದೂರ ಇರುವ ಮರಕ್ಕೆ 8ಕೆ ತೊಗಟೆ ಬೇಕಿಲ್ಲ ಎನ್ನುವುದನ್ನೂ ಸೇರಿಸಿ ಹೇಳುತ್ತೇನೆ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಆದ್ದರಿಂದ ಮೊದಲು ಕಾರ್ಡು: ಆರ್‌ಟಿಎಕ್ಸ್ 5060 ಟಿಐ, 16 ಜಿಬಿ. ಅದೇ ಹೆಸರಿನಲ್ಲಿ 8 ಜಿಬಿಯದೂ ಮಾರಾಟಕ್ಕಿದೆ. ಪೆಟ್ಟಿಗೆಯ ಮೇಲೆ 16 ಎಂದು ಕಣ್ಣಾರೆ ಓದಿ ಹಣ ಕೊಡು. 16 ಜಿಬಿಯ ಎಎಂಡಿ ರೇಡಿಯಾನ್ ಕಾರ್ಡುಗಳೂ ಚೆನ್ನಾಗಿವೆ, ಅನ್‌ರಿಯಲ್‌ಗೆ ಅಡ್ಡಿಯಿಲ್ಲ. ಆದರೆ ನಿನ್ನ ಅನ್ನ ಹುಟ್ಟುವುದು ಸೈಕಲ್ಸ್‌ನಲ್ಲಿ, ಅಲ್ಲಿ ರೆಂಡರನ್ನು ಚುರುಕುಗೊಳಿಸುವ ಎನ್ವಿಡಿಯಾದ ಆಪ್ಟಿಕ್ಸ್ ದಾರಿಯೇ ಮುಂದಿದೆ.

ಪ್ರೊಸೆಸರ್ ಎಎಂಡಿಯ ರೈಜನ್ 7 7700 ಸಾಕು. 8 ಕೋರ್, 16 ಥ್ರೆಡ್, 65 ವ್ಯಾಟ್ ವರ್ಗ. ಪೆಟ್ಟಿಗೆಯೊಳಗೇ ಒಳ್ಳೆಯ ಕೂಲರ್ ಬರುತ್ತದೆ, ಲಿಕ್ವಿಡ್ ಕೂಲರ್‌ನ ಹಣ ಉಳಿಯಿತು. 14700ಕೆ ಕೆಟ್ಟದ್ದೇನಲ್ಲ, 20 ಕೋರ್ ಇದೆ. ಆದರೆ ಪೂರ್ತಿ ದುಡಿಯುವಾಗ 253 ವ್ಯಾಟ್‌ವರೆಗೂ ಎಳೆಯುತ್ತದೆ. ಜೊತೆಗೆ ಆ 13, 14ನೇ ಪೀಳಿಗೆಯಲ್ಲಿ ವೋಲ್ಟೇಜ್ ಹೆಚ್ಚಾಗಿ ಚಿಪ್ ಅಸ್ಥಿರವಾಗುವ ತೊಂದರೆ ಇದ್ದುದನ್ನು 2024ರಲ್ಲಿ ಇಂಟೆಲ್ ತಾನೇ ಒಪ್ಪಿ, ಚಿಪ್‌ನ ನಡವಳಿಕೆ ತಿದ್ದುವ ಮೈಕ್ರೋಕೋಡ್ ಬಿಡುಗಡೆ ಮಾಡಿ, ವಾರಂಟಿಯನ್ನು 2 ವರ್ಷ ವಿಸ್ತರಿಸಿತು. ತೆಗೆದುಕೊಂಡರೂ ಬೋರ್ಡಿನ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಹೊಸದಾಗಿರಬೇಕು.

ಈಗ ಯಾರೂ ಕೇಳದ ಭಾಗ, ಎಸ್‌ಎಂಪಿಎಸ್. ಹೆಸರಿಲ್ಲದ 750 ವ್ಯಾಟ್‌ಗಿಂತ ಹೆಸರಿರುವ 650 ಮೇಲು. ಅದರ ಮೈಮೇಲಿನ ಚೀಟಿ ಓದು. ‘ಇನ್‌ಪುಟ್ 100-240 ವೋಲ್ಟ್’ ಎಂದಿದ್ದರೆ ನಿನ್ನ ಸಂಜೆಯ 180 ಅದಕ್ಕೆ ಲೆಕ್ಕಕ್ಕೇ ಇಲ್ಲ, ಸ್ಟೆಬಿಲೈಜರ್ ಬೇಡ. ‘200-240’ ಎಂದಿದ್ದರೆ ಅಲ್ಲೇ ಬಿಟ್ಟು ಬಾ. ಇನ್ವರ್ಟರ್ ಹಳೆಯದು ಎನ್ನುತ್ತೀಯ, ಸ್ಕ್ವೇರ್ ವೇವ್ ಇರಬೇಕು. ಕರೆಂಟು ಹೋದಾಗ ಅದು ಕೈ ಬದಲಿಸುವಷ್ಟರಲ್ಲಿ ಕಂಪ್ಯೂಟರ್ ಮಲಗಿರುತ್ತದೆ. ಬೇರೆ ಯುಪಿಎಸ್ ಬೇಕೇ ಬೇಕು. ರೆಂಡರ್ ಹೊತ್ತಿನಲ್ಲಿ ಕಾರ್ಡಿಗೆ 180 ವ್ಯಾಟ್, ಪ್ರೊಸೆಸರ್‌ಗೆ 88, ಮಿಕ್ಕದ್ದಕ್ಕೂ ಮಾನಿಟರ್‌ಗೂ ಸೇರಿ 90 ಎಂದಿಟ್ಟುಕೊ. 600 ವಿಎ ಎಂದು ಮಾರುವ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್‌ನದು, ಕತ್ತಿನವರೆಗೆ ನೀರು. 1100 ವಿಎ ತೆಗೆದುಕೊ. 3090 ಸಲಹೆ ಕೊಟ್ಟವರಿಗೂ ಉತ್ತರ ಇಲ್ಲೇ ಇದೆ: ಆ ಕಾರ್ಡು ಒಂದೇ 350 ವ್ಯಾಟ್. ವಾರಂಟಿ ಮುಗಿದ, ಯಾರ ಮನೆಯಲ್ಲಿ ಎಷ್ಟು ಬೆಂದಿದೆಯೋ ತಿಳಿಯದ ಸರಕನ್ನು ನಾರಿನ ಧೂಳಿರುವ ಕೋಣೆಗೆ ನಾನಂತೂ ಕಳಿಸುವುದಿಲ್ಲ.

ಅರ್ಥಿಂಗ್ ಇದೆಯೇ? ಲ್ಯಾಪ್‌ಟಾಪ್ ಚಾರ್ಜ್‌ನಲ್ಲಿರುವಾಗ ಅದರ ಲೋಹದ ಭಾಗ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಹಾಗಿದ್ದರೆ ಕಂಪ್ಯೂಟರ್‌ಗಿಂತ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆ.

ಕ್ಯಾಬಿನೆಟ್ ಮುಂಭಾಗ ಜಾಲರಿಯದಾಗಿರಲಿ, ಆ ಜಾಲರಿಯ ಹಿಂದೆಯೇ ತೆಗೆದು ತೊಳೆಯುವ ಫಿಲ್ಟರ್ ಇರಲಿ. ಮುಂದೆ ಗಾಳಿ ಎಳೆಯುವ ಫ್ಯಾನ್ ಎರಡು, ಹಿಂದೆ ಹೊರದಬ್ಬುವುದು ಒಂದು. ಒಳಬರುವ ಗಾಳಿ ಹೆಚ್ಚಿದ್ದರೆ ಸಂದುಗಳಿಂದ ಧೂಳು ನುಗ್ಗುವುದು ಕಡಿಮೆ. ನೆಲದ ಮೇಲೆ ಇಡಬೇಡ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಲ್ಲಿ ತಡೆದು ಹಿಡಿ, ಗಾಳಿಗೆ ಗಿರ್ರನೆ ಸುತ್ತಿಸಿ ಬೇರಿಂಗ್ ಹಾಳು ಮಾಡಿಕೊಂಡವರು ಬಹಳ ಮಂದಿ.

ಗುಬ್ಬಿ ಗೇಟ್

ಬೆಸುಗೆಯವರ ಮಾತು ಬ್ಲೆಂಡರ್ ಮಟ್ಟಿಗೆ ಸರಿ. ಅನ್‌ರಿಯಲ್‌ನಲ್ಲೇ ಉದ್ಯೋಗ ಮಾಡುವವಳಾಗಿ ನನ್ನದೊಂದು ತಕರಾರಿದೆ. ಅಲ್ಲಿ ಹೊತ್ತು ತಿನ್ನುವುದು ಶೇಡರ್ ಕಂಪೈಲ್ (ಮೇಲ್ಮೈ ಹೇಗೆ ಕಾಣಬೇಕೆಂದು ಹೇಳುವ ಪುಟ್ಟ ಪ್ರೋಗ್ರಾಂಗಳನ್ನು ಕಾರ್ಡಿನ ಭಾಷೆಗೆ ತಿರುಗಿಸುವುದು) ಮತ್ತು ಸಿ++ ಬಿಲ್ಡ್ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಮಾಡುವುದು). ಎರಡೂ ಪ್ರೊಸೆಸರ್‌ನ ಕೆಲಸ, ಎಷ್ಟು ಕೋರ್ ಕೊಟ್ಟರೂ ನುಂಗುತ್ತವೆ. ಬಂಡೆಗಳಿಗೆಲ್ಲ ಮೂಲವಾದ ಮಾಸ್ಟರ್ ಮಟೀರಿಯಲ್‌ನಲ್ಲಿ ಒಂದು ಸ್ವಿಚ್ ಬದಲಿಸಿ ನೋಡಿ, ಸಾವಿರಗಟ್ಟಲೆ ಶೇಡರ್ ಎಂದು ಮೂಲೆಯಲ್ಲಿ ಎಣಿಕೆ ಶುರುವಾಗುತ್ತದೆ. ನಾನಾದರೆ ರೈಜನ್ 9 7900 ತೆಗೆದುಕೊಳ್ಳುತ್ತಿದ್ದೆ. 12 ಕೋರ್, 24 ಥ್ರೆಡ್, ಅದೂ 65 ವ್ಯಾಟ್ ವರ್ಗದ್ದೇ.

ಇನ್ನು ರ‍್ಯಾಮ್ ಬಗ್ಗೆ ಅವರು ಏನೂ ಹೇಳಲಿಲ್ಲ. 16 ಜಿಬಿ ಮಾತೇ ಬೇಡ. ಅನ್‌ರಿಯಲ್‌ನ ಬಿಲ್ಡ್ ಟೂಲ್ ಒಂದೊಂದು ಕಂಪೈಲ್ ಕೆಲಸಕ್ಕೂ ಸುಮಾರು 1.5 ಜಿಬಿ ಹಿಡಿದು, ಒಟ್ಟಿಗೆ ಎಷ್ಟು ಕೆಲಸ ಬಿಡಬೇಕೆಂದು ನಿರ್ಧರಿಸುತ್ತದೆ. ರ‍್ಯಾಮ್ ಕಡಿಮೆಯಿದ್ದರೆ ಕೋರ್‌ಗಳು ಸುಮ್ಮನೆ ಕೈಕಟ್ಟಿ ಕೂರುತ್ತವೆ. 32 ಜಿಬಿಯ ಎರಡು ಕಡ್ಡಿ, ಒಟ್ಟು 64 ಹಾಕಿಸಿ. ‘ಈಗ 16ರ ಎರಡು, ಆಮೇಲೆ ಇನ್ನೆರಡು’ ಎಂಬ ಯೋಚನೆ ಬೇಡ. ರೈಜನ್ 7000 ಸಾಲಿಗೆ ಎರಡು ಕಡ್ಡಿಯಾದರೆ ವೇಗ 5200, ನಾಲ್ಕಾದರೆ 3600 ಎಂದು ಎಎಂಡಿಯೇ ಬರೆದಿದೆ.

ಅಟ್ಟದ ಮೇಲಿನವನು, ತಿಪಟೂರು

ಅಣ್ಣಾ, ಅಕ್ಕಾ, ಇಬ್ಬರಿಗೂ ಧನ್ಯವಾದ. 7900, 64 ಜಿಬಿ, 16 ಜಿಬಿ ಕಾರ್ಡು ಮೂರನ್ನೂ ಕೂಡಿಸಿದೆ. ರ‍್ಯಾಮ್ ಬೆಲೆ ಏರಿರುವುದರಿಂದ ಯುಪಿಎಸ್ ಸೇರಿದರೆ ಬಜೆಟ್ ಮೀರುತ್ತದೆ. ಮೂರರಲ್ಲಿ ಒಂದನ್ನು ಬಿಡಬೇಕೆಂದರೆ ಯಾವುದನ್ನು? ಅರ್ಥಿಂಗ್ ಬಗ್ಗೆ: ಹೌದು, ಜುಮ್ಮೆನ್ನುತ್ತದೆ. ಇಷ್ಟು ದಿನ ಲ್ಯಾಪ್‌ಟಾಪಿನ ಗುಣವೇ ಹಾಗೆ ಎಂದುಕೊಂಡಿದ್ದೆ.

ಗುಬ್ಬಿ ಗೇಟ್

ನಿಮ್ಮ ಗೇಮ್ ಪೂರ್ತಿ ಬ್ಲೂಪ್ರಿಂಟ್‌ನಲ್ಲೇ (ಕೋಡ್ ಬರೆಯದೆ ಪೆಟ್ಟಿಗೆಗಳನ್ನು ಗೆರೆ ಎಳೆದು ಜೋಡಿಸುವ ಅನ್‌ರಿಯಲ್‌ನ ವಿಧಾನ) ಇದೆಯೇ, ಸಿ++ ಬರೆಯುತ್ತೀರಾ? ಬ್ಲೂಪ್ರಿಂಟ್ ಮಾತ್ರ ಆದರೆ 7900 ಹಟವನ್ನು ನಾನು ಬಿಡುತ್ತೇನೆ.

ಅಟ್ಟದ ಮೇಲಿನವನು, ತಿಪಟೂರು

ಬ್ಲೂಪ್ರಿಂಟ್ ಮಾತ್ರ. ಸಿ++ ಕಲಿಯಬೇಕು.

ಬೆಸುಗೆ, ತುಮಕೂರು

ಹಾಗಾದರೆ ಪ್ರೊಸೆಸರ್ ಬಿಡು. 7700ರಲ್ಲೇ ಶುರು ಮಾಡು. ಈ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್‌ಗೆ 2027 ಮತ್ತು ಅದರಾಚೆಗೂ ಬೆಂಬಲವಿದೆ ಎಂದು ಎಎಂಡಿ ಹೇಳಿದೆ. ಸಿ++ ಕಲಿತ ಮೇಲೆ ಅದೇ ಬೋರ್ಡಿನಲ್ಲಿ ದೊಡ್ಡ ಪ್ರೊಸೆಸರ್ ಕೂರಿಸಬಹುದು, ಹಳೆಯದನ್ನು ಮಾರಬಹುದು. ಕಾರ್ಡಿನ ಮೆಮೊರಿಯನ್ನು ಆಮೇಲೆ ಬೆಳೆಸಲಾಗದು. ರ‍್ಯಾಮ್ ವಿಷಯದಲ್ಲಿ ಅಕ್ಕ ಹೇಳಿದ್ದನ್ನೇ ಕೇಳು, 32ರ ಎರಡು ಕಡ್ಡಿ. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ನಲ್ಲಿ ಹಾಕಬೇಕು. ಜೋಡಿಸುವ ಹುಡುಗರು ಅವಸರದಲ್ಲಿ ಪಕ್ಕಪಕ್ಕದಲ್ಲಿ ಸಿಕ್ಕಿಸಿಬಿಡುತ್ತಾರೆ, ನಿಂತು ನೋಡು.

ಇನ್ನೊಂದು ವಿಷಯಕ್ಕೆ ಹಣ ಬೇಕಿಲ್ಲ. ವಾಕ್‌ಥ್ರೂವನ್ನು ನೇರವಾಗಿ ಎಂಪಿ4 ಆಗಿ ರೆಂಡರ್ ಮಾಡಬೇಡ. 30 ಸೆಕೆಂಡಿನದು, ಸೆಕೆಂಡಿಗೆ 24 ಫ್ರೇಮ್ ಎಂದರೆ 720 ಚಿತ್ರ. ಒಂದಕ್ಕೆ 2 ನಿಮಿಷ ಹಿಡಿದರೂ ಪೂರ್ತಿ ಒಂದು ದಿನ, ಒಂದು ರಾತ್ರಿ. ಯುಪಿಎಸ್ ಅಷ್ಟು ಹೊತ್ತು ಎಳೆಯುವುದಿಲ್ಲ, ಸರಿಯಾಗಿ ಆಫ್ ಮಾಡುವಷ್ಟು ಸಮಯ ಕೊಡುತ್ತದೆ ಅಷ್ಟೇ. ಪಿಎನ್‌ಜಿ ಚಿತ್ರಗಳ ಸಾಲಾಗಿ ತೆಗೆದರೆ 500ನೇ ಫ್ರೇಮ್ ಮುಗಿದ ಮೇಲೆ ಕರೆಂಟು ಹೋದರೂ 501ರಿಂದ ಮುಂದುವರಿಸಬಹುದು. ಎಂಪಿ4 ಆದರೆ ಅರ್ಧ ಬರೆದ ಫೈಲು ತೆರೆಯುವುದೇ ಇಲ್ಲ.

ಕೊಳ್ಳುವುದು ತುಮಕೂರಿನಲ್ಲಾಗಲಿ, ಎಸ್‌ಪಿ ರಸ್ತೆಯಲ್ಲಾಗಲಿ, ಜಿಎಸ್‌ಟಿ ಬಿಲ್ ಕೇಳು. ಕಾರ್ಡು, ಬೋರ್ಡು, ಎಸ್‌ಎಂಪಿಎಸ್ ಮೂರರ ಸೀರಿಯಲ್ ನಂಬರೂ ಅದರಲ್ಲಿ ಇರಬೇಕು. ಬಿಲ್ ಥರ್ಮಲ್ ಕಾಗದದ್ದಾದರೆ ಅಕ್ಷರ ಮಾಸಿಹೋಗುತ್ತದೆ, ಮನೆಗೆ ಬಂದವನೇ ಫೋಟೊ ತೆಗೆದಿಡು. ಅರ್ಥಿಂಗ್ ಮಾಡಿಸದೆ ಹೊಸ ಕಾರ್ಡಿನ ಪೆಟ್ಟಿಗೆ ಬಿಚ್ಚಬೇಡ.